ಹಾಡು ಉಳಿಯಿತು, ಹೆಸರು ಉಳಿಯಲಿಲ್ಲ: ಫ್ರೆಂಚರ ಶಾನ್ಸೋಂ ಮತ್ತು ನಮ್ಮ ಸೀಮೆಯ ರಂಗಗೀತೆ

ಕಳೆದ ಮಾಘಮಾಸದಲ್ಲಿ ಕಾರ್ಯಾರ್ಥವಾಗಿ ಬೆಂಗಳೂರಿಗೆ ಹೋಗಿದ್ದೆನು. ಅಲ್ಲಿ ಉದ್ಯೋಗದಲ್ಲಿರುವ ನನ್ನ ಮಗಳು ಕೆಲವು ಕಾಲದಿಂದ ಫ್ರೆಂಚು ಭಾಷೆಯನ್ನು ಕಲಿಯುತ್ತಿರುವಳು. ಒಂದು ಸಂಜೆ ಅವಳು, “ಅಪ್ಪಾ, ಇವತ್ತು ಫ್ರೆಂಚ್ ಹಾಡುಗಳ ಕಚೇರಿ ಇದೆ, ಬರ್ತೀರಾ?” ಎಂದು ಕರೆದಳು. ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನನಗೆ ಆ ಭಾಷೆಯ ಒಂದಕ್ಷರವೂ ಬಾರದು. ಆದರೂ ಮಗಳು ಕರೆದಳೆಂಬ ಸಂತೋಷದಿಂದ ಹೊರಟೆನು.

ಸಭಾಂಗಣವು ಸಣ್ಣದು, ನೂರು ಕುರ್ಚಿಗಳಿದ್ದಿರಬಹುದು. ವೇದಿಕೆಯ ಮೇಲೆ ನಡುವಯಸ್ಸಿನ ಒಬ್ಬ ಗಾಯಕಿ. ಪಕ್ಕದಲ್ಲಿ ಅಕಾರ್ಡಿಯನ್ ಎಂಬ ವಾದ್ಯವನ್ನು ಎದೆಗೆ ತೂಗುಹಾಕಿಕೊಂಡ ಒಬ್ಬ ವಾದಕ. ಬೇರೆ ಪರಿಕರವಿಲ್ಲ. ಆಲಾಪನೆಯಿಲ್ಲ, ಸ್ವರಪ್ರಸ್ತಾರವಿಲ್ಲ. ಗಾಯಕಿಯು ಯಾರಿಗೋ ಎದುರಿಗೆ ನಿಂತು ಮಾತನಾಡುವಂತೆ ಹಾಡುತ್ತಿದ್ದಳು. ಒಂದೊಂದು ಹಾಡೂ ಮೂರು ನಾಲ್ಕು ನಿಮಿಷಗಳಲ್ಲಿ ಮುಗಿಯುತ್ತಿತ್ತು. ನನ್ನ ಗಮನವನ್ನು ಸೆಳೆದ ಸಂಗತಿಯು ಬೇರೊಂದು. ಪ್ರತಿಯೊಂದು ಹಾಡಿಗೂ ಮೊದಲು ಆಕೆ ಎರಡು ಮೂರು ಹೆಸರುಗಳನ್ನು ಹೇಳುತ್ತಿದ್ದಳು. “ಅದೇನಮ್ಮಾ?” ಎಂದು ಕೇಳಿದೆನು. “ಮಾತು ಬರೆದವರ ಹೆಸರು, ಮಟ್ಟು ಹಾಕಿದವರ ಹೆಸರು, ಮೊದಲು ಹಾಡಿದವರ ಹೆಸರು” ಎಂದು ಮಗಳು ಪಿಸುಗುಟ್ಟಿದಳು. ಅರ್ಥ ತಿಳಿಯದ ಆ ಹಾಡುಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದುದು ಆ ಹೆಸರುಗಳ ಪದ್ಧತಿಯೇ. ಏಕೆಂದರೆ ನಮ್ಮ ಕಡೆಯ ರಂಗಗೀತೆಗಳ ಸಂಜೆಗಳಲ್ಲಿ ನಾನು ಬಹುಸಲ ಕುಳಿತಿದ್ದೇನೆ. ಅಲ್ಲಿ ನಾಟಕದ ಹೆಸರು ಹೇಳುವರು, ಕಂಪನಿಯ ಹೆಸರು ಹೇಳುವರು, ಹಾಡಿ ಮೆರೆದ ನಟನ ಹೆಸರನ್ನು ಕೈಮುಗಿದು ಹೇಳುವರು. ಹಾಡು ಬರೆದವನ ಹೆಸರು ಬರುವುದು ಅಪರೂಪ. ಇದೇಕೆ ಹೀಗೆ? ಈ ಪ್ರಶ್ನೆಯು ರೈಲಿನಲ್ಲಿ ಗಾದಿಗನೂರಿನವರೆಗೂ ನನ್ನ ಜೊತೆಯಲ್ಲೇ ಬಂದಿತು. ಅದಕ್ಕೆ ನನಗೆ ದೊರೆತ ಮಟ್ಟಿನ ಉತ್ತರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಫ್ರೆಂಚರ ಪದ್ಧತಿಯ ಮೂಲವನ್ನು ನೋಡೋಣ. ಶಾನ್ಸೋಂ ಎಂದರೆ ಅವರ ಭಾಷೆಯಲ್ಲಿ ಹಾಡು ಎಂದಷ್ಟೇ ಅರ್ಥ. ಆದರೆ ರೂಢಿಯಲ್ಲಿ ಆ ಶಬ್ದಕ್ಕೆ ಮಾತೇ ಪ್ರಧಾನವಾದ ಹಾಡು ಎಂಬ ವಿಶೇಷಾರ್ಥವು ಬಂದಿದೆ. ಒಂದು ಕಾಲದಲ್ಲಿ ಅಲ್ಲಿಯ ಪದಕಾರರು ಹೊಸ ಮಟ್ಟುಗಳನ್ನು ಕಟ್ಟುತ್ತಲೇ ಇರಲಿಲ್ಲ. ಊರಿಗೆಲ್ಲ ತಿಳಿದಿದ್ದ ಹಳೆಯ ಮಟ್ಟನ್ನು ತೆಗೆದುಕೊಂಡು ಅದರ ಮೇಲೆ ಹೊಸ ಮಾತುಗಳನ್ನು ಕೂರಿಸುತ್ತಿದ್ದರು. ಹಾಳೆಯ ಮೇಲ್ಭಾಗದಲ್ಲಿ ‘ಇಂಥ ಹಾಡಿನ ಮಟ್ಟಿನಂತೆ’ ಎಂದು ಅಚ್ಚಾಗುತ್ತಿತ್ತು. ಇಂಥ ಮಟ್ಟುಗಳ ದೊಡ್ಡ ಸಂಕಲನವೊಂದು 19ನೇ ಶತಮಾನದ ಆದಿಯಲ್ಲಿಯೇ ಪ್ಯಾರಿಸಿನಲ್ಲಿ ಪ್ರಕಟವಾಯಿತು. ಆ ಕಾಲದ ಪದಕಾರರಲ್ಲಿ ಅಗ್ರಗಣ್ಯನಾದವನು ಬೆರಾಂಜೆ (1780–1857). ಅವನೂ ಹಳೆಯ ಮಟ್ಟುಗಳ ಮೇಲೆಯೇ ಬರೆದನು. ಆದರೆ ಅವನ ಮಾತುಗಳು ಅರಸೊತ್ತಿಗೆಯನ್ನು ಕುಟುಕುವಂಥವಾಗಿದ್ದುದರಿಂದ 1821ರಲ್ಲಿ ಮೂರು ತಿಂಗಳು, 1828ರಲ್ಲಿ ಒಂಬತ್ತು ತಿಂಗಳು ಸೆರೆವಾಸವನ್ನು ವಿಧಿಸಿದರು. ಮಟ್ಟು ಕಟ್ಟಿದವನಿಗೆ ಯಾರೂ ಸೆರೆ ಹಾಕಲಿಲ್ಲ. ಮಾತು ಬರೆದವನಿಗೆ ಹಾಕಿದರು. ಹಾಡಿನ ಬಲವೆಲ್ಲ ಎಲ್ಲಿದೆಯೆಂಬುದನ್ನು ಅಲ್ಲಿಯ ನ್ಯಾಯಾಧೀಶರೇ ಹೀಗೆ ಒಪ್ಪಿಕೊಂಡಂತಾಯಿತು.

ಅನಂತರ ಕಾಫಿಯ ಅಂಗಡಿಗಳಲ್ಲಿಯೇ ವೇದಿಕೆ ಹಾಕಿ ಹಾಡಿಸುವ ವಾಡಿಕೆಯು ಪ್ಯಾರಿಸಿನಲ್ಲಿ ಹಬ್ಬಿತು. 1847ರಲ್ಲಿ ಅಲ್ಲಿ ಒಂದು ಪ್ರಸಂಗ ನಡೆಯಿತು. ಎರ್ನೆಸ್ಟ್ ಬುರ್ಜೆ ಎಂಬ ಪದಕಾರನು ಇಬ್ಬರು ಸಂಗೀತಗಾರ ಮಿತ್ರರೊಡನೆ ಇಂಥ ಒಂದು ಅಂಗಡಿಗೆ ಹೋಗಿ ಕುಳಿತಿದ್ದನು. ಅಷ್ಟರಲ್ಲಿ ವೇದಿಕೆಯ ಮೇಲೆ ಅವರದೇ ಕೃತಿಗಳನ್ನು ಹಾಡತೊಡಗಿದರು. ಕುಡಿದ ಪಾನೀಯದ ದುಡ್ಡನ್ನು ಕೇಳಲು ಬಂದಾಗ ಅವರು ಕೊಡಲೊಪ್ಪಲಿಲ್ಲ. ‘ನೀವು ನಮ್ಮ ಹಾಡನ್ನು ಬಿಟ್ಟಿಯಾಗಿ ಉಪಯೋಗಿಸುವುದಾದರೆ ನಾವೂ ನಿಮ್ಮ ಪಾನೀಯವನ್ನು ಬಿಟ್ಟಿಯಾಗಿ ಕುಡಿಯುವೆವು’ ಎಂಬುದು ಅವರ ವಾದ. ವ್ಯಾಜ್ಯವು ನ್ಯಾಯಾಲಯಕ್ಕೆ ಹೋಗಿ ಬುರ್ಜೆಯ ಪಕ್ಷವೇ ಗೆದ್ದಿತು. ಇದರ ಫಲವಾಗಿ 1851ರಲ್ಲಿ ಪದಕಾರರೂ ಸಂಗೀತಗಾರರೂ ಪ್ರಕಾಶಕರೂ ಸೇರಿ ಸಾಸೆಮ್ ಎಂಬ ಸಂಘವನ್ನು ಸ್ಥಾಪಿಸಿದರು. ಹಾಡಿದ ಕಡೆಯಲ್ಲೆಲ್ಲ ಬರೆದವನ ಪಾಲನ್ನು ವಸೂಲು ಮಾಡುವುದು ಅದರ ಕೆಲಸ. ಇಂದಿಗೂ ಅದು ನಡೆಯುತ್ತಿದೆ. ಪಾಲು ಸಲ್ಲಿಸಬೇಕಾದರೆ ಹೆಸರು ತಿಳಿದಿರಬೇಕು. ಹೆಸರು ತಿಳಿಯಬೇಕಾದರೆ ದಾಖಲೆ ಇರಬೇಕು. ಹೀಗೆ ದುಡ್ಡಿನ ಲೆಕ್ಕದಿಂದ ಹೆಸರಿನ ಗೌರವವು ಗಟ್ಟಿಯಾಯಿತು. ತರುವಾಯದ ಎದಿತ್ ಪಿಯಾಫ್ (1915–1963), ಜಾರ್ಜ್ ಬ್ರಾಸ್ಸೆನ್ಸ್ (1921–1981), ಬೆಲ್ಜಿಯಂ ದೇಶದವನಾದರೂ ಫ್ರೆಂಚಿನಲ್ಲಿ ಹಾಡಿದ ಜಾಕ್ ಬ್ರೆಲ್ (1929–1978) ಮೊದಲಾದ ಪ್ರಸಿದ್ಧರೆಲ್ಲ ಈ ವ್ಯವಸ್ಥೆಯ ನೆರಳಿನಲ್ಲಿ ಬೆಳೆದವರು. ಇವರಲ್ಲಿ ಬ್ರಾಸ್ಸೆನ್ಸನು ತಾನೇ ಬರೆದು, ತಾನೇ ಮಟ್ಟು ಕಟ್ಟಿ, ತಾನೇ ಹಾಡಿದವನು. ಅಂಥವನನ್ನು ಫ್ರೆಂಚರು ಮೂರು ಪದಗಳನ್ನು ಕೂಡಿಸಿ ಕರೆಯುತ್ತಾರೆ: ಕರ್ತೃ, ಸಂಯೋಜಕ, ಗಾಯಕ ಎಂದು.

ಈ ವಿಭಾಗವು ನಮಗೆ ಹೊಸದೇನು? ಹೊಸದಲ್ಲವೆಂದು ಸಂಗೀತಶಾಸ್ತ್ರವನ್ನು ಓದಿದವರು ಕೂಡಲೇ ಹೇಳುವರು. 13ನೇ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಹಾಡಿನ ವಾಕ್ಕಿಗೆ ‘ಮಾತು’ ಎಂದೂ ಗೇಯಭಾಗಕ್ಕೆ ‘ಧಾತು’ ಎಂದೂ ಹೆಸರಿಟ್ಟಿದ್ದಾನೆ. ಈ ‘ಮಾತು’ ಶಾಸ್ತ್ರದ ಪಾರಿಭಾಷಿಕವಾದರೂ ಕನ್ನಡಿಗನ ಕಿವಿಗೆ ಮನೆಯ ಮಾತಾಗಿಯೇ ಕೇಳಿಸುತ್ತದೆ. ಎರಡನ್ನೂ ರಚಿಸಬಲ್ಲವನು ವಾಗ್ಗೇಯಕಾರ. ಪರರ ಧಾತುವಿಗೆ ತನ್ನ ಮಾತನ್ನು ಹೊಂದಿಸುವವನಿಗೂ ಒಂದು ಹೆಸರುಂಟು, ಅವನು ‘ಕುಟ್ಟಿಕಾರ’. ಬೆರಾಂಜೆಯು ಪ್ಯಾರಿಸಿನ ಕುಟ್ಟಿಕಾರನೆಂದರೆ ಶಾರ್ಙ್ಗದೇವನು ಅಡ್ಡಿ ಹೇಳಲಾರನು. ಈ ಮಹಾಗ್ರಂಥಕ್ಕೆ ‘ಕಲಾನಿಧಿ’ಯೆಂಬ ವ್ಯಾಖ್ಯಾನವನ್ನು ಬರೆದ ಕಲ್ಲಿನಾಥನು 15ನೇ ಶತಮಾನದಲ್ಲಿ ವಿಜಯನಗರದ ಅರಸರ ಆಶ್ರಯದಲ್ಲಿದ್ದವನು. ಎಂದರೆ ನಮ್ಮೂರಿನಿಂದ ಒಂದು ಹಗಲಿನ ನಡಿಗೆಯ ದೂರದಲ್ಲಿ, ಹಾಡಿನ ಒಡೆತನವನ್ನು ಕುರಿತ ಈ ಸೂಕ್ಷ್ಮ ವಿಚಾರವು ಐದುನೂರು ವರ್ಷಗಳಿಗೂ ಹಿಂದೆ ಚರ್ಚೆಗೆ ಬಂದಿತ್ತು.

ಶಾಸ್ತ್ರದಲ್ಲಿ ಮಾತ್ರವಲ್ಲ, ಆಚರಣೆಯಲ್ಲಿಯೂ ನಮ್ಮವರು ಹೆಸರನ್ನು ಕಾಪಾಡುವ ಒಂದು ಉಪಾಯವನ್ನು ಕಂಡುಕೊಂಡಿದ್ದರು. ಅದೇ ಅಂಕಿತ. ವಚನಕಾರರು ತಮ್ಮ ಇಷ್ಟದೈವದ ಹೆಸರನ್ನು ವಚನದ ಕೊನೆಯಲ್ಲಿ ಇಟ್ಟರು. ದಾಸರು ಪದದ ಕೊನೆಯ ನುಡಿಯಲ್ಲಿ ಇಟ್ಟರು. ಹಂಪೆಯಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಪುರಂದರ ಮಂಟಪವಿದೆ. ಆ ದಾಸವರ್ಯರ ಪದಗಳು ಕಾಗದವಿಲ್ಲದೆ, ಅಚ್ಚಿಲ್ಲದೆ, ಬೀದಿಯ ಭಿಕ್ಷುಕರ ಬಾಯಲ್ಲಿಯೂ ನೀರು ತರುವ ಹೆಂಗಸರ ಬಾಯಲ್ಲಿಯೂ ನಾಲ್ಕು ಶತಮಾನಗಳನ್ನು ದಾಟಿ ಬಂದುವು. ಮಟ್ಟು ಎಷ್ಟೋ ಸಲ ಬದಲಾಗಿರಬಹುದು. ಕರ್ತೃವಿನ ಗುರುತು ಮಾತ್ರ ಕಳೆಯಲಿಲ್ಲ. ಏಕೆಂದರೆ ಅದು ಹಾಡಿನ ಒಡಲಿನಲ್ಲಿಯೇ ಹೊಲಿದುಕೊಂಡಿತ್ತು. ಅದನ್ನು ಬಿಟ್ಟರೆ ಹಾಡು ಮುಗಿಯುವುದೇ ಇಲ್ಲ. ಫ್ರೆಂಚರು ಕರ್ತೃವಿನ ಹೆಸರನ್ನು ಹಾಡಿನ ಹೊರಗೆ, ಕಚೇರಿಯ ದಫ್ತರದಲ್ಲಿ ಬರೆದಿಟ್ಟರು. ನಮ್ಮವರು ಹಾಡಿನ ಒಳಗೆ ಬರೆದಿಟ್ಟರು. ಎರಡೂ ಸಫಲವಾದ ಪದ್ಧತಿಗಳೇ.

ಹಾಗಾದರೆ ರಂಗಗೀತೆಗೆ ಈ ಗತಿ ಏಕೆ ಬಂದಿತು? ಇದಕ್ಕೆ ನಾಟಕದ ಸ್ವಭಾವವನ್ನು ನೋಡಬೇಕು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ‘ಧ್ರುವಾ’ ಎಂಬ ರಂಗದ ಹಾಡುಗಳಿಗಾಗಿ ಒಂದು ದೀರ್ಘಾಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಪಾತ್ರದ ಪ್ರವೇಶಕ್ಕೆ ಪ್ರಾವೇಶಿಕೀ, ನಿರ್ಗಮನಕ್ಕೆ ನೈಷ್ಕ್ರಾಮಿಕೀ, ರಸವನ್ನು ತಿಳಿಗೊಳಿಸಲು ಪ್ರಾಸಾದಿಕೀ, ನಡೆಯುತ್ತಿರುವ ರಸವನ್ನು ಮುರಿದು ಬೇರೊಂದನ್ನು ತರಲು ಆಕ್ಷೇಪಿಕೀ, ನಡುವಿನ ತೆರಪನ್ನು ತುಂಬಲು ಆಂತರಾ, ಹೀಗೆ ಐದು ಬಗೆ. ಇಲ್ಲಿ ಹಾಡು ನಾಟಕದ ಸೇವಕ. ಅದು ಪಾತ್ರದ ಮನಸ್ಸಿನಿಂದ ಹೊರಡಬೇಕು. ದುಃಖದಲ್ಲಿರುವ ಚಂದ್ರಮತಿಯು ಹಾಡಿನ ಕೊನೆಯಲ್ಲಿ ಕಂಪನಿ ಕವಿಯ ಅಂಕಿತವನ್ನು ಹೇಳಲಾದೀತೇ? ಹೇಳಿದರೆ ಕರುಣರಸವು ಹಾಸ್ಯಕ್ಕೆ ತಿರುಗುವುದು. ಆದುದರಿಂದ ರಂಗಗೀತೆಯನ್ನು ಬರೆಯುವವನು ಪಾತ್ರಕ್ಕಾಗಿ ತನ್ನ ಹೆಸರನ್ನು ಬಿಟ್ಟುಕೊಡಬೇಕಾಯಿತು. ಒಳಗಿನ ಅಂಕಿತ ತಪ್ಪಿತು. ಹೊರಗಿನ ದಫ್ತರವು ನಮ್ಮಲ್ಲಿ ಹುಟ್ಟಿರಲಿಲ್ಲ. ಈ ಎರಡರ ನಡುವಿನ ಕಂದರದಲ್ಲಿ ಒಂದು ತಲೆಮಾರಿನ ಕವಿಗಳ ಹೆಸರುಗಳು ಬಿದ್ದುಹೋದುವು.

ಇಲ್ಲಿ ಕಾಳಿದಾಸನ ಸೌಜನ್ಯವನ್ನು ನೆನೆಯದೆ ಮುಂದೆ ಹೋಗಲಾರೆನು. ಶಾಕುಂತಲದ ಐದನೆಯ ಅಂಕದಲ್ಲಿ ನೇಪಥ್ಯದಿಂದ ಒಂದು ಹಾಡು ಕೇಳಿಬರುತ್ತದೆ. ಹಾಡುವವಳು ರಂಗದ ಮೇಲೆ ಬರುವುದೇ ಇಲ್ಲ. ಆದರೂ ಕವಿಯು ವಿದೂಷಕನ ಬಾಯಿಂದ ಆಕೆಯ ಹೆಸರನ್ನು ಹೇಳಿಸಿದ್ದಾನೆ: ಹಂಸಪದಿಕೆ. ಆ ಹಾಡನ್ನು ಕೇಳಿ ರಾಜನು ಕಾರಣ ತಿಳಿಯದೆ ಉತ್ಕಂಠಿತನಾಗುತ್ತಾನೆ. ಕ್ಷಣಮಾತ್ರದ ಹಾಡಿನ ಹಿಂದೆಯೂ ಒಬ್ಬ ವ್ಯಕ್ತಿ ಇರುವಳೆಂಬ ಅರಿವನ್ನು ಮಹಾಕವಿಯು ಬಿಟ್ಟುಕೊಡಲಿಲ್ಲ.

ಈಗ ನಮ್ಮ ಸೀಮೆಗೆ ಬರೋಣ. ಗಾದಿಗನೂರು ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿರುವ ಊರು. 2021ರಲ್ಲಿ ವಿಜಯನಗರ ಜಿಲ್ಲೆಯು ಬೇರೆಯಾದ ಮೇಲೆ ಸರಕಾರದ ಲೆಕ್ಕದಲ್ಲಿ ನಾವು ಬಳ್ಳಾರಿಯಿಂದ ಅಗಲಿದೆವು. ನಾಟಕದ ನಂಟು ಮಾತ್ರ ಅಗಲಲಿಲ್ಲ. ಬಳ್ಳಾರಿಯು 1953ರವರೆಗೆ ಮದರಾಸು ಆಡಳಿತಕ್ಕೆ ಸೇರಿದ್ದು, ಕನ್ನಡ ತೆಲುಗುಗಳೆರಡೂ ಒಂದೇ ಅಂಗಳದಲ್ಲಿ ಆಡುತ್ತಿದ್ದ ನಗರ. ಅಲ್ಲಿ 19ನೇ ಶತಮಾನದ ಕೊನೆಯಲ್ಲಿ ಇಬ್ಬರು ವಕೀಲರು ನಾಟಕಕ್ಕೆ ಹೊಸ ಪ್ರಾಣವನ್ನು ತುಂಬಿದರು. ಒಬ್ಬರು ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912); ಸರಸವಿನೋದಿನೀ ಸಭೆಯನ್ನು ಕಟ್ಟಿದವರು. ಇನ್ನೊಬ್ಬರು ಹಂಪೆಯ ಮಗ್ಗುಲಿನ ಕಮಲಾಪುರದಲ್ಲಿ ಹುಟ್ಟಿದ ಕೋಲಾಚಲಂ ಶ್ರೀನಿವಾಸರಾಯರು (1854–1919). ಸುಮನೋರಮಾ ಸಭೆಯನ್ನು ಕಟ್ಟಿದವರು. ವಿಜಯನಗರದ ಪತನವನ್ನು ತೆಲುಗಿನಲ್ಲಿ ನಾಟಕವಾಗಿ ಬರೆದ ಶ್ರೀನಿವಾಸರಾಯರು ಜಗತ್ತಿನ ನಾಟಕಗಳ ಚರಿತ್ರೆಯನ್ನು ಕುರಿತು ಇಂಗ್ಲಿಷಿನಲ್ಲಿಯೂ ಒಂದು ಗ್ರಂಥವನ್ನು ರಚಿಸಿದರು. ಆಚಾರ್ಯರು ತಮ್ಮ ನಾಟಕಗಳಲ್ಲಿ ಪದ್ಯಗಳನ್ನೂ ಹಾಡುಗಳನ್ನೂ ರಾಗವಾಗಿ ಹಾಡುವ ಕ್ರಮವನ್ನು ಬೆಳೆಯಿಸಿ, ಸಂಗೀತವನ್ನು ರಂಗಕ್ಕೆ ಒಡವೆಯಾಗಿ ತೊಡಿಸಿದರು.

ಆ ಆಚಾರ್ಯರ ಸೋದರಳಿಯನೇ ಪ್ರಖ್ಯಾತ ನಟರಾದ ಬಳ್ಳಾರಿ ರಾಘವರು (1880–1946). ಅವರೂ ವಕೀಲರೇ. ಸೋದರಮಾವನು ತೊಡಿಸಿದ ಒಡವೆಯು ಕಾಲಕ್ರಮದಲ್ಲಿ ಭಾರವಾಯಿತೆಂಬುದು ಸೋದರಳಿಯನ ಅಭಿಪ್ರಾಯ. ಸಾಯುವ ಪಾತ್ರವೂ ಎದ್ದು ಕುಳಿತು ರಾಗ ಎಳೆಯುವುದು, ಜನರು ‘ಒನ್ಸ್ ಮೋರ್’ ಎಂದು ಕೂಗಿದರೆ ಸತ್ತವನು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸಾಯುವುದು, ಇಂಥವೆಲ್ಲ ಆ ಕಾಲದ ರಂಗದಲ್ಲಿ ಸಾಮಾನ್ಯ. ರಾಘವರು ಹಾಡಿನ ಅತಿರೇಕವನ್ನು ತಗ್ಗಿಸಿ ಮಾತಿಗೂ ಮುಖಭಾವಕ್ಕೂ ಪ್ರಾಧಾನ್ಯವನ್ನು ಕೊಟ್ಟರು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂದು ವಾದಿಸಿದರು. 1920ರ ದಶಕದ ಕೊನೆಯಲ್ಲಿ ಯೂರೋಪಿಗೆ ಹೋಗಿ, ಇಂಗ್ಲೆಂಡಿನಲ್ಲಿ ಬರ್ನಾರ್ಡ್ ಷಾ ಅವರನ್ನು ಕಂಡು ಮಾತನಾಡಿ ಬಂದರು. ಇಂದು ಬಳ್ಳಾರಿಯ ರಾಘವ ಕಲಾಮಂದಿರವು ಅವರ ಹೆಸರನ್ನು ಹೊತ್ತು ನಿಂತಿದೆ. ಮಾವ ಅಳಿಯಂದಿರ ಈ ಭೇದವನ್ನು ಮೇಲುನೋಟಕ್ಕೆ ಹಾಡು ಬೇಕೋ ಬೇಡವೋ ಎಂಬ ಜಗಳವೆಂದು ತಿಳಿಯುವವರುಂಟು. ವಿಚಾರಿಸಿದರೆ, ರಂಗದ ಮೇಲೆ ಧಾತು ದೊಡ್ಡದೋ ಮಾತು ದೊಡ್ಡದೋ ಎಂಬ ಕಲ್ಲಿನಾಥನ ಕಾಲದ ಪ್ರಶ್ನೆಯೇ ಅಲ್ಲಿ ಮರಳಿ ಹುಟ್ಟಿತೆನ್ನಬೇಕು. ಮಾತನ್ನು ಮರೆಯಿಸುವ ಹಾಡು ರಾಘವರಿಗೆ ಬೇಡವಾಗಿತ್ತು. ಮಾತನ್ನೇ ಹೊತ್ತು ತರುವ ಹಾಡನ್ನು ಅವರು ಬೇಡವೆನ್ನುತ್ತಿರಲಿಲ್ಲವೆಂದು ನಾನು ನಂಬಿದ್ದೇನೆ.

ಅತ್ತ ಉತ್ತರ ಕರ್ನಾಟಕದ ಕಂಪನಿ ನಾಟಕಗಳು ಬೇರೊಂದು ದಾರಿಯಲ್ಲಿ ಬೆಳೆದುವು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ಮರಾಠಿ ಸಂಗೀತ ಶಾಕುಂತಲವನ್ನು ಆಡಿಸಿದರು. ಅದರ ಮಟ್ಟುಗಳು ಗಡಿಯನ್ನು ಕೇಳದೆ ಕನ್ನಡಕ್ಕೆ ಬಂದುವು. ಪಾರ್ಸಿ ಕಂಪನಿಗಳ ಮಟ್ಟುಗಳೂ ಬಂದುವು. ಕನ್ನಡ ಕಂಪನಿಯ ಕವಿಯು ಆ ಮಟ್ಟುಗಳ ಮೇಲೆ ಹೊಸ ಮಾತುಗಳನ್ನು ಕೂರಿಸಿದನು. ಪ್ಯಾರಿಸಿನ ಪದಕಾರನ ಕೆಲಸವೂ ಇವನ ಕೆಲಸವೂ ಒಂದೇ, ಇಬ್ಬರೂ ಕುಟ್ಟಿಕಾರರು. ಮಲ್ಲಿಕಾರ್ಜುನ ಮನ್ಸೂರರಂಥ (1910–1992) ಮಹಾಗಾಯಕರು ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿ ಹಾಡಿದವರು. ಗದಗಿನ ಪುಟ್ಟರಾಜ ಗವಾಯಿಗಳೂ (1914–2010) ನಾಟಕ ಕಂಪನಿಯನ್ನು ನಡೆಯಿಸಿದವರು. ನಮ್ಮ ನೆರೆಯ ಮರಿಯಮ್ಮನಹಳ್ಳಿಯು ರಂಗಕಲಾವಿದೆಯರ ಊರೆಂದೇ ನಾಡಿಗೆ ಪರಿಚಿತ. ಬಳ್ಳಾರಿಯ ಸುಭದ್ರಮ್ಮ ಮನ್ಸೂರರು 2020ರಲ್ಲಿ ತೀರಿಕೊಳ್ಳುವವರೆಗೂ ರಂಗಗೀತೆಗೆ ಒಂದು ನಿಧಿಯಾಗಿದ್ದರು. ಹೀಗೆ ಹಾಡಿದವರ ಪರಂಪರೆಯನ್ನು ನಾವು ಗೌರವದಿಂದ ಹೇಳಬಲ್ಲೆವು. ಬರೆದವರ ಪರಂಪರೆಯನ್ನು ಹೇಳಹೊರಟರೆ ನಾಲ್ಕು ಹೆಸರುಗಳ ಮೇಲೆ ನಾಲಗೆ ನಿಂತುಹೋಗುತ್ತದೆ.

ರಂಗಗೀತೆಗೂ ಫ್ರೆಂಚರಿಗೂ ಇನ್ನೊಂದು ನಂಟುಂಟು. ಆ ಸಂಜೆ ಅಕಾರ್ಡಿಯನ್ನಿನ ನಾದವನ್ನು ಕೇಳಿದೊಡನೆ ನನಗೆ ಹೊಸಪೇಟೆಯ ನಾಟಕದ ತಂಬು ಕಣ್ಣಿಗೆ ಕಟ್ಟಿತು. ಅದಕ್ಕೆ ಕಾರಣವಿದೆ. ಅಕಾರ್ಡಿಯನ್ನೂ ಹಾರ್ಮೋನಿಯಮ್ಮೂ ಒಂದೇ ಕುಲದ ವಾದ್ಯಗಳು. ಎರಡರಲ್ಲಿಯೂ ತಿದಿಯ ಗಾಳಿಯು ತೆಳುವಾದ ಲೋಹದ ನಾಲಗೆಗಳನ್ನು ಕಂಪಿಸಿ ಸ್ವರವನ್ನು ಹುಟ್ಟಿಸುತ್ತದೆ. ಹಾರ್ಮೋನಿಯಂ ಎಂಬ ಹೆಸರಿನ ವಾದ್ಯಕ್ಕೆ 1842ರಲ್ಲಿ ಪ್ಯಾರಿಸಿನಲ್ಲಿ ಅಲೆಕ್ಸಾಂದ್ರ್ ದೆಬೆಂ ಎಂಬವನು ಹಕ್ಕುಪತ್ರವನ್ನು ಪಡೆದನು. ಕಾಲಿನಿಂದ ತಿದಿಯೊತ್ತುವ ಆ ವಾದ್ಯವನ್ನು ನೆಲದ ಮೇಲೆ ಕುಳಿತು ಕೈಯಿಂದ ಒತ್ತಿ ನುಡಿಸುವಂತೆ ಮಾರ್ಪಡಿಸಿದವರು ಕಲಕತ್ತೆಯ ದ್ವಾರಕಾನಾಥ ಘೋಷರು, 1875ರ ಸುಮಾರಿನಲ್ಲಿ. ನಮ್ಮ ಕಂಪನಿಗಳಲ್ಲಿ ಕಾಲಿನ ಪೇಟಿಯೇ ಮೆರೆಯಿತು. ಪೇಟಿ ಮಾಸ್ತರನು ಪರದೆಯ ಮುಂದೆ ಕುಳಿತು ಇಡೀ ನಾಟಕವನ್ನು ಕಾಲಲ್ಲೇ ನಡೆಯಿಸುತ್ತಿದ್ದನು. ಸ್ವರದಿಂದ ಸ್ವರಕ್ಕೆ ಜಾರುವ ಗಮಕವು ಈ ವಾದ್ಯದಲ್ಲಿ ಬಾರದೆಂಬ ಕಾರಣದಿಂದ ಪಂಡಿತರು ಇದನ್ನು ಹಳಿದರು. ಆಕಾಶವಾಣಿಯು 1940ರಲ್ಲಿ ಇದನ್ನು ಬಹಿಷ್ಕರಿಸಿತು. ಆ ನಿಷೇಧವು 1971ರವರೆಗೆ ಸಡಿಲವಾಗಲಿಲ್ಲ. ಪಂಡಿತರ ಆಕ್ಷೇಪವು ಶಾಸ್ತ್ರೀಯ ಸಂಗೀತದ ಮಟ್ಟಿಗೆ ನ್ಯಾಯವಾದುದೇ. ಆದರೆ ಮಾತೇ ಒಡೆಯನಾದ ಹಾಡಿಗೆ ಬೇಕಾದುದು ನಿಶ್ಚಲವಾದ ಒಂದು ನೆಲ. ಹಿಂದಿನ ಸಾಲಿನಲ್ಲಿ ಕುಳಿತ ರೈತನಿಗೂ ಪ್ರತಿಯೊಂದು ಅಕ್ಷರವು ಕೇಳಿಸಬೇಕು. ಆ ನೆಲವನ್ನು ಪೇಟಿಯು ಕೊಟ್ಟಿತು. ಶಾನ್ಸೋಂ ಹಾಡುವವರು ಅಕಾರ್ಡಿಯನ್ನನ್ನು ನೆಚ್ಚಿದುದೂ ಇದೇ ಕಾರಣದಿಂದ ಇರಬೇಕು.

ಇಷ್ಟು ಸಾಮ್ಯವಿದ್ದರೂ ಒಂದು ಕಡೆ ಹೆಸರು ಉಳಿಯಿತು, ಇನ್ನೊಂದು ಕಡೆ ಉಳಿಯಲಿಲ್ಲ. ಫ್ರಾನ್ಸಿನಲ್ಲಿ ಕರ್ತೃವಿನ ಹಕ್ಕನ್ನು 1793ರ ಶಾಸನವೇ ಒಪ್ಪಿಕೊಂಡಿತ್ತು. ನಮ್ಮ ದೇಶದಲ್ಲಿ ಪರಕೀಯ ಸರಕಾರಕ್ಕೆ ನಾಟಕದ ನೆನಪಾದುದು 1876ರಲ್ಲಿ, ಅದನ್ನು ನಿಷೇಧಿಸುವ ಅಧಿಕಾರಕ್ಕಾಗಿ. ಆ ನಾಟಕ ಪ್ರದರ್ಶನ ಕಾಯಿದೆಯು ಶಾಸನಗ್ರಂಥದಿಂದ ಅಳಿದುದು 2018ರಲ್ಲಿ. ಗ್ರಂಥಕರ್ತರ ಹಕ್ಕಿಗೆ 1914ರಲ್ಲಿ ಒಂದು ಕಾಯಿದೆ, 1957ರಲ್ಲಿ ಮತ್ತೊಂದು ಬಂದುವು. 2012ರ ತಿದ್ದುಪಡಿಯು ಚಲಚ್ಚಿತ್ರದ ಹಾಡು ಬರೆದವರ ಪಾಲನ್ನು ಭದ್ರಪಡಿಸಿತು. ಈಗ ಕರ್ತೃವಿನ ಜೀವಿತಾನಂತರ 60 ವರ್ಷಗಳವರೆಗೆ ಹಕ್ಕು ಸಲ್ಲುತ್ತದೆ. ಆದರೆ ಕಾಯಿದೆಯು ಹೆಸರಿದ್ದವನಿಗೆ ಮಾತ್ರ ಸಹಾಯ ಮಾಡಬಲ್ಲುದು. ಸಂಬಳದ ಆಳಾಗಿ ಕಂಪನಿಯಿಂದ ಕಂಪನಿಗೆ ಅಲೆದು, ತಾಲೀಮಿನ ದಿನ ಬೆಳಗಿನಲ್ಲಿ ಬರೆದು ಸಂಜೆ ಕಲಿಸಿದ ಕವಿಗೆ ಯಾವ ಕಾಯಿದೆಯು ತಾನೇ ಏನು ಮಾಡೀತು?

ಇಲ್ಲಿಯವರೆಗೆ ಅನ್ಯರ ವಿಷಯವನ್ನು ಹೇಳಿದೆನು. ಇನ್ನು ನನ್ನದೊಂದು ಅಪರಾಧವನ್ನು ಹೇಳಿಕೊಳ್ಳಬೇಕಾಗಿದೆ.

ನಮ್ಮ ದೊಡ್ಡಪ್ಪನವರು ಊರ ನಾಟಕಗಳಿಗೆ ಹಾಡು ಬರೆಯುತ್ತಿದ್ದರು. ಒಕ್ಕಲುತನ ಅವರ ವೃತ್ತಿ. ಹಾಡು ಅವರ ಹುಚ್ಚು. ಯುಗಾದಿಯ ಮುಂಚೆ ಸುತ್ತಲ ಹಳ್ಳಿಗಳ ನಾಟಕದ ಮಾಸ್ತರರು ಮನೆಯ ಕಟ್ಟೆಗೆ ಬಂದು ಕುಳಿತು, ‘ಈ ಮಟ್ಟಿಗೊಂದು ಹೊಸ ಹಾಡು ಬೇಕು’ ಎಂದು ಪೇಟಿಯ ಮೇಲೆ ನುಡಿಸಿ ತೋರಿಸುವರು. ಅವರು ಕಣ್ಣುಮುಚ್ಚಿ ಕೇಳಿ, ಬೆರಳಿನ ಮೇಲೆ ಎಣಿಸಿ, ಸೀಸದ ಕಡ್ಡಿಯಿಂದ ಒಂದು ಲೆಕ್ಕದ ಪುಸ್ತಕದಲ್ಲಿ ಬರೆದುಕೊಡುವರು. ನಾನು ಪಾಠಶಾಲೆಯಿಂದ ರಜೆಗೆ ಬಂದಿದ್ದಾಗ ಒಮ್ಮೆ ಆ ಪುಸ್ತಕವನ್ನು ನನ್ನ ಮುಂದೆ ಇಟ್ಟು, “ಶಾಸ್ತ್ರ ಓದಿದಾವ, ತಪ್ಪಿದ್ರ ತಿದ್ದಪ್ಪಾ” ಎಂದರು. ನಾನು ಎರಡು ಹಾಳೆ ತಿರುವಿ, ಪ್ರಾಸವಿಲ್ಲ, ಗಣವಿಲ್ಲ, ಮರಾಠಿ ಮಟ್ಟಿಗೆ ಹೊಲಿದ ಮಾತು ಎಂದು ನಕ್ಕು ಹಿಂದಕ್ಕೆ ಕೊಟ್ಟೆನು. ಅವರು ಏನನ್ನೂ ಹೇಳಲಿಲ್ಲ. ಪುಸ್ತಕವನ್ನು ಮೊದಲಿದ್ದ ಅಟ್ಟಕ್ಕೆ ಏರಿಸಿದರು. ಆ ಸಮಯಕ್ಕೆ ನಾನು ಮಾತು ಧಾತುಗಳ ಲಕ್ಷಣವನ್ನು ಬಾಯಿಪಾಠ ಮಾಡಿದ್ದೆನು. ಎದುರಿಗೆ ಕುಳಿತ ಕುಟ್ಟಿಕಾರನನ್ನು ಗುರುತಿಸಲಾರದೆ ಹೋದೆನು.

ಅವರು ತೀರಿಕೊಂಡು ಎಷ್ಟೋ ವರ್ಷಗಳಾದುವು. ಒಂದು ಜಾತ್ರೆಯ ರಾತ್ರಿ, ನೆರೆಯೂರಿನಲ್ಲಿ ವಯಸ್ಸಾದ ಕಲಾವಿದೆಯೊಬ್ಬರು ಹಳೆಯ ರಂಗಗೀತೆಗಳನ್ನು ಹಾಡುತ್ತಿದ್ದರು. ನಡುವೆ ಒಂದು ಹಾಡನ್ನು ಎತ್ತಿದೊಡನೆ ನಾನು ಬೆಚ್ಚಿದೆನು. ಅದು ಅಂದು ನಾನು ತಿರುವಿದ ಎರಡು ಹಾಳೆಗಳಲ್ಲಿ ಒಂದರ ಮೇಲೆ ಇದ್ದ ಹಾಡು. ಮಳೆ ಕಾಣದ ಹೊಲವನ್ನು ತವರಿಗೆ ಬಾರದ ಮಗಳಿಗೆ ಹೋಲಿಸಿದ್ದ ಕಲ್ಪನೆಯನ್ನು ನಾನು ಹೇಗೆ ಮರೆಯಲಿ? ಅಂದು ಹಾಳೆಯ ಮೇಲೆ ಗಣ ತಪ್ಪಿದೆಯೆಂದು ಕಂಡ ಸಾಲು ಆಕೆಯ ಕಂಠದಲ್ಲಿ ಎಳ್ಳಷ್ಟೂ ತಪ್ಪದೆ ತಾಳದ ಮೇಲೆ ಬಂದು ಕುಳಿತುಕೊಂಡಿತು. ಜನರು ಎರಡು ಸಲ ‘ಒನ್ಸ್ ಮೋರ್’ ಎಂದರು. ಮುಗಿದ ಮೇಲೆ ಹೋಗಿ, “ಅವ್ವಾ, ಈ ಹಾಡು ಬರೆದವರು ಯಾರು?” ಎಂದು ಕೇಳಿದೆನು. “ಯಾರು ಬರೆದ್ರೋ ಗೊತ್ತಿಲ್ರೀ ಮೇಷ್ಟ್ರೇ. ತಾಲೀಮಿನ್ಯಾಗ ಮಾಸ್ತರು ಹೇಳಿಕೊಟ್ರು, ನಾವು ಕಲ್ತ್ವಿ. ಹಳೇ ಕಂಪನಿ ಹಾಡು ಅಂತಿದ್ರು” ಎಂದರು ಆಕೆ. ಮನೆಗೆ ಬಂದು ಅಟ್ಟವನ್ನೇರಿ ನೋಡಿದೆನು. ಲೆಕ್ಕದ ಪುಸ್ತಕವಿದ್ದ ಪೆಟ್ಟಿಗೆಯಲ್ಲಿ ಗೆದ್ದಲಿನ ಮಣ್ಣಿತ್ತು.

ಈ ಲೇಖನದಲ್ಲಿ ನಾನು ದೊಡ್ಡಪ್ಪನವರ ಹೆಸರನ್ನು ಬರೆದಿಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಬರೆಯಬೇಕೆಂದು ಮೂರು ಸಲ ಲೇಖನಿಯನ್ನು ಎತ್ತಿದೆನು. ಆದರೆ ಅವರ ಕೈಬರಹದ ಒಂದು ಸಾಲೂ ನನ್ನಲ್ಲಿಲ್ಲ. ಕೇಳಿ ಹೇಳಬಲ್ಲ ಸಾಕ್ಷಿಗಳು ಬದುಕಿಲ್ಲ. ನನ್ನ ನೆನಪೊಂದನ್ನೇ ನೆಚ್ಚಿ, ನಾಡು ಹಾಡುವ ಹಾಡಿನ ಮೇಲೆ ನಮ್ಮ ಮನೆಯ ಹೆಸರನ್ನು ಅಚ್ಚೊತ್ತುವುದು ಇತಿಹಾಸ ಬರೆಯುವವನ ಧರ್ಮವಲ್ಲ. ಅಂದು ನಾನು ಆ ಪುಸ್ತಕವನ್ನು ನಕಲು ಮಾಡಿಕೊಂಡಿದ್ದರೆ ಇಂದು ಧೈರ್ಯವಾಗಿ ಬರೆಯುತ್ತಿದ್ದೆನು. ಹೆಸರು ಕಳೆದುಹೋಗುವುದೆಂದರೆ ಹೀಗೆ. ಯಾರೂ ಅದನ್ನು ಕದಿಯಲಿಲ್ಲ; ಉಳಿಸಬೇಕಾಗಿದ್ದವನು ನಕ್ಕನು, ಅಷ್ಟೇ.

ಆದರೆ ಎಲ್ಲ ಅಟ್ಟಗಳಿಗೂ ಇನ್ನೂ ಗೆದ್ದಲು ಹತ್ತಿಲ್ಲ. ಹೊಸಪೇಟೆ, ಕಂಪ್ಲಿ, ಸಂಡೂರು, ಹಂಪೆಯ ಸುತ್ತಲ ಮನೆಗಳಲ್ಲಿ ನಾಟಕದ ಕೈಬರಹದ ಪುಸ್ತಕಗಳು, ಹಾಡುಗಳ ಕಿರುಹೊತ್ತಗೆಗಳು, ಜಾತ್ರೆಯ ನಾಟಕದ ಕರಪತ್ರಗಳು ಇನ್ನೂ ಇರುವುವು. ಕರಪತ್ರದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಕವಿಯ ಹೆಸರು ಇದ್ದರೂ ಇರಬಹುದು. ವಾಚಕರಲ್ಲಿ ನನ್ನ ಪ್ರಾರ್ಥನೆ ಇಷ್ಟು: ಅವುಗಳನ್ನು ಒಮ್ಮೆ ಕೆಳಗಿಳಿಸಿ ನೋಡಿರಿ. ಹಾಡಿನ ಮೊದಲ ಸಾಲು, ಮಟ್ಟು, ನಾಟಕ, ಬರೆದವರು, ಕಲಿಸಿದವರು, ಹಾಡಿದವರು, ಈ ಆರು ಕಲಮುಗಳನ್ನು ಒಂದು ಹಾಳೆಯಲ್ಲಿ ಬರೆದಿಡಿರಿ. ತಿಳಿಯದ ಕಲಮನ್ನು ಖಾಲಿ ಬಿಡಿರಿ, ಊಹೆಯಿಂದ ತುಂಬಬೇಡಿರಿ. ಮನೆಯ ಹಿರಿಯರು ಇನ್ನೂ ಇದ್ದರೆ ಇಂದೇ ಕೇಳಿರಿ. ಹುಡುಗರ ಕೈಯಲ್ಲಿರುವ ಮೊಬೈಲಿನಿಂದ ಹಾಳೆಗಳ ಚಿತ್ರವನ್ನು ತೆಗೆಯಿಸಿರಿ. ಪಾಠಶಾಲೆಯ ಶಾಸ್ತ್ರಿಯಾಗಲಿ ಪದವೀಧರನಾಗಲಿ, ಓದಿದವನೊಬ್ಬನು ಅದನ್ನು ನೋಡಿ ನಕ್ಕರೆ ಅವನ ಮಾತಿಗೆ ಬೆಲೆ ಕೊಡಬೇಡಿರಿ.

ಆ ಸಂಜೆ ಬೆಂಗಳೂರಿನಲ್ಲಿ ಕಚೇರಿ ಮುಗಿದಾಗ ಕೆಲವರು ‘ಬಿಸ್, ಬಿಸ್’ ಎಂದು ಕೂಗಿದರು. ಅದು ಫ್ರೆಂಚರ ‘ಒನ್ಸ್ ಮೋರ್’ ಎಂದು ಮಗಳು ಹೇಳಿದಳು. ಸಂಸ್ಕೃತದ ‘ದ್ವಿಃ’ ಎಂಬುದಕ್ಕೆ ಲ್ಯಾಟಿನಿನ ‘ಬಿಸ್’ ಅಕ್ಕತಂಗಿಯ ಸಂಬಂಧದ ಶಬ್ದ; ಎರಡಕ್ಕೂ ‘ಎರಡು ಸಲ’ ಎಂಬುದೇ ಅರ್ಥ. ಗಾಯಕಿಯು ನಕ್ಕು, ಅದೇ ಹಾಡನ್ನು ಮತ್ತೊಮ್ಮೆ ಹಾಡಲು ನಿಂತಳು. ಹಾಡುವ ಮುನ್ನ, ಒಮ್ಮೆ ಹೇಳಿದ್ದ ಬರೆದವನ ಹೆಸರನ್ನು ಮತ್ತೊಮ್ಮೆ ಹೇಳಿದಳು.